ಹಳೇ ಭೂತಬಂಗಲೆ ಚಿತ್ರಗಳು ಇವತ್ತಿಗೂ ಹೆದರಿಸುವುದು ಹೇಗೆ? ಕಿರುಚಿತ್ರಕ್ಕೆ ಏನೇನು ಎತ್ತಿಕೊಳ್ಳಬಹುದು?

ನಡುಮನೆ:
'ದಿ ಇನ್ನೊಸೆಂಟ್ಸ್' (1961), 'ದಿ ಹಾಂಟಿಂಗ್' (1963), 'ದಿ ಚೇಂಜ್‌ಲಿಂಗ್' (1980). ಮೂರರಲ್ಲೂ ರಕ್ತದ ಓಕುಳಿ ಇಲ್ಲ, ಕಂಪ್ಯೂಟರ್ ಗ್ರಾಫಿಕ್ಸ್ ಅಂತೂ ಇಲ್ಲವೇ ಇಲ್ಲ. ಆದರೂ ರಾತ್ರಿ ನೋಡಿದರೆ ಮೆಟ್ಟಿಲ ಕಡೆ ಕಣ್ಣು ಹೋಗುವುದು ತಪ್ಪುವುದಿಲ್ಲ. ಯಾಕೆ ಅಂತ ಹುಡುಕಿದರೆ ಎಲ್ಲ ಕಡೆ ಒಂದೇ ಉತ್ತರ: "ವಾತಾವರಣ". ಆ ವಾತಾವರಣವನ್ನು ಕಟ್ಟುವುದು ಹೇಗೆ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಹತ್ತು ನಿಮಿಷದ ಕಿರುಚಿತ್ರದ ಯೋಜನೆ ಇದೆ. ಕೈಯಲ್ಲಿರುವುದು ಇಷ್ಟು: ಮರದ ಮೆಟ್ಟಿಲಿರುವ ಎರಡಂತಸ್ತಿನ ಹಳೇ ಮನೆ, ಇಬ್ಬರು ನಟರು, ಒಂದು ಫೋನ್, ಒಂದು ಚಿಕ್ಕ ಸೌಂಡ್ ರೆಕಾರ್ಡರ್, ಎರಡು ಎಲ್‌ಇಡಿ ದೀಪ. ಈ ಚಿತ್ರಗಳು ನಿಜವಾಗಿ ಏನು ಮಾಡುತ್ತವೆ, ಅದರಲ್ಲಿ ಇಷ್ಟು ಸಾಮಾನಿನಲ್ಲಿ ಆಗುವಂಥದ್ದು ಯಾವುದು? ಬಲ್ಲವರು ಬಿಡಿಸಿ ಹೇಳಿ.

ಮೂರನೇರೀಲು:
ದೆವ್ವದ ಯೋಚನೆ ಆಮೇಲೆ. ಮೊದಲು ಮನೆಯ ನಕ್ಷೆ ನೋಡುವವರ ತಲೆಯಲ್ಲಿ ಕೂರಬೇಕು. ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಮೆಟ್ಟಿಲ ತುದಿಯಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದರೆ ಅಲ್ಲಿ ಏನೋ ಬದಲಾದದ್ದೂ ಗೊತ್ತಾಗುವುದಿಲ್ಲ. ಮುಕ್ಕಾಲು ಪಾಲು ಕಿರುಚಿತ್ರಗಳು ಸೋಲುವುದು ಇಲ್ಲೇ: ಮೊದಲ ಶಾಟಿನಿಂದಲೇ ಕತ್ತಲು, ಮೊದಲ ಶಾಟಿನಿಂದಲೇ ಓರೆ ಕ್ಯಾಮೆರಾ.

'ದಿ ಚೇಂಜ್‌ಲಿಂಗ್'ನ ಚೆಂಡಿನ ದೃಶ್ಯ ನೋಡಿ. ಮೆಟ್ಟಿಲಿಂದ ಒಂದು ರಬ್ಬರ್ ಚೆಂಡು ಪುಟಿಯುತ್ತಾ ಇಳಿದು ಬರುತ್ತದೆ. ನಾಯಕ ಅದನ್ನು ತೆಗೆದುಕೊಂಡು ಹೋಗಿ ಸೇತುವೆ ಮೇಲಿಂದ ನದಿಗೆ ಎಸೆಯುತ್ತಾನೆ. ಮನೆಗೆ ವಾಪಸ್ ಬಂದರೆ ಅದೇ ಮೆಟ್ಟಿಲಿಂದ ಅದೇ ಚೆಂಡು ಮತ್ತೆ ಇಳಿಯುತ್ತದೆ, ಈ ಸಲ ಒದ್ದೆಯಾಗಿ. ಖರ್ಚು ಒಂದು ಚೆಂಡು, ಒಂದಿಷ್ಟು ನೀರು. ಆ ಮೆಟ್ಟಿಲು ನಮಗೆ ಅಷ್ಟರಲ್ಲಿ ಚಿರಪರಿಚಿತ, ಮೇಲೆ ಯಾರೂ ಇಲ್ಲವೆನ್ನುವುದೂ ಗೊತ್ತು. ಅದಕ್ಕೇ ಎದೆ ಝಲ್ಲೆನ್ನುತ್ತದೆ.

ನಿರ್ದೇಶಕ ರಾಬರ್ಟ್ ವೈಸ್ 'ದಿ ಹಾಂಟಿಂಗ್'ಗೆ ಹಾಕಿಸಿದ ಸೆಟ್‌ಗಳಲ್ಲಿ ಕತ್ತಲ ಮೂಲೆಗಳೇ ಇರಲಿಲ್ಲ. ಕೋಣೆಗಳು ಬೆಳಕಾಗಿರಬೇಕು ಅಂತಲೇ ವಿನ್ಯಾಸ. ಎಲ್ಲ ಕೋಣೆಗಳಿಗೂ ಮಾಡು (ಒಳಚಾವಣಿ) ಹಾಕಿದ್ದರು. ಸ್ಟುಡಿಯೊ ಸೆಟ್‌ಗೆ ಸಾಮಾನ್ಯವಾಗಿ ಮಾಡು ಇರುವುದಿಲ್ಲ, ದೀಪ ತೂಗುಹಾಕುವುದು ಅಲ್ಲಿಂದಲೇ ತಾನೆ. ತಲೆ ಮೇಲಿನ ಜಾಗ ಮುಚ್ಚಿಕೊಂಡಾಗ ಉಸಿರು ಕಟ್ಟಿದಂತಾಗುತ್ತದೆ. ಜೊತೆಗೆ ಲೆನ್ಸ್ ಕಂಪನಿ ಪ್ಯಾನಾವಿಷನ್‌ನವರು ಇನ್ನೂ ಪೂರ್ತಿ ತಯಾರಾಗಿಲ್ಲ ಎಂದ 30 ಎಂಎಂ ಅಗಲನೋಟದ ಲೆನ್ಸನ್ನು, ಅದರ ದೋಷ ಗೊತ್ತಿದೆ ಅಂತ ಬರೆದುಕೊಟ್ಟು ವೈಸ್ ಪಡೆದ. ಗೋಡೆಗಳು ಅಂಚಿನಲ್ಲಿ ಸ್ವಲ್ಪ ಬಾಗುವುದೇ ಅವನಿಗೆ ಬೇಕಾಗಿತ್ತು. ಆ ಮನೆಯಲ್ಲಿ ನೇರವಾದ ಮೂಲೆಯೇ ಇಲ್ಲ ಅಂತ ಪಾತ್ರವೊಂದು ವಿವರಿಸಿಯೂ ಬಿಡುತ್ತದೆ. ವಿವರಣೆ ಸಿಕ್ಕಿದ್ದಕ್ಕೆ ಹೆದರಿಕೆ ಕಡಿಮೆಯಾಗುತ್ತದೆಯೇ? ಇಲ್ಲ, ಅಲ್ಲಿಂದ ಮುಂದೆ ಪ್ರತಿ ಮೂಲೆಯನ್ನೂ ನಾವೇ ಅಳೆಯಲು ಶುರುಮಾಡುತ್ತೇವೆ.

ನಿಮ್ಮ ಚಿತ್ರಕ್ಕೆ: ಮೊದಲ ಒಂದೂವರೆ ನಿಮಿಷ ಹಗಲಲ್ಲೇ ಇರಲಿ. ಮುಂಬಾಗಿಲಿಂದ ಮೆಟ್ಟಿಲ ಬುಡ ದಾಟಿ ಅಡುಗೆಮನೆವರೆಗೆ ನಟಿಯ ಜೊತೆ ಒಂದೇ ಶಾಟ್, ಕಟ್ ಬೇಡ. ಆಮೇಲೆ ಮೆಟ್ಟಿಲ ಬುಡದಿಂದ ಮೇಲೆ ನೋಡುವ ಒಂದು ಫ್ರೇಮ್ ಆರಿಸಿ. ಟ್ರೈಪಾಡ್ ಎತ್ತರ 60–70 ಸೆಂ.ಮೀ., ಮಾಡು ಕಾಣುವಷ್ಟು ಮಾತ್ರ ಮೇಲ್ಮುಖ. ಮೂರು ಕಾಲಿನ ಜಾಗಕ್ಕೂ ನೆಲದಲ್ಲಿ ಟೇಪ್ ಅಂಟಿಸಿ. ಎತ್ತರ, ಓರೆ, ಲೆನ್ಸ್ ಬರೆದಿಡಿ. ಚಿತ್ರದಲ್ಲಿ ಇದೇ ಫ್ರೇಮ್ ಮೂರು ಸಲ ಬರಲಿ. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಮೇಲಿನ ಬಾಗಿಲು ನಾಲ್ಕು ಬೆರಳಷ್ಟು ತೆರೆದಿರಲಿ, ಅದನ್ನು ಯಾವ ಪಾತ್ರವೂ ಗಮನಿಸಬಾರದು. ಮೂರನೇ ಸಲ ಏನು ಅನ್ನುವುದು ನಿಮ್ಮ ಕಥೆಗೆ ಬಿಟ್ಟದ್ದು.

ಕೆಡುವುದು ಎಲ್ಲಿ ಅಂದರೆ, ಬೆಳಕು ಕಡಿಮೆಯಾದಾಗ ಫೋನ್ ತಾನಾಗಿ ಬೇರೆ ಲೆನ್ಸಿಗೆ ಜಾರಬಹುದು. ಫ್ರೇಮ್ ಒಂದೇ ಅನ್ನಿಸಿದರೂ ಅಂಚು, ಸ್ಪಷ್ಟತೆ ಸ್ವಲ್ಪ ಬದಲಾಗಿರುತ್ತದೆ, ಇಡೀ ಲೆಕ್ಕ ಮಣ್ಣುಪಾಲು. ಲೆನ್ಸ್ ಲಾಕ್ ಮಾಡಲು ಬಿಡುವ ಆ್ಯಪ್‌ನಲ್ಲೇ ಚಿತ್ರೀಕರಿಸಿ.

ಸದ್ದುಪೆಟ್ಟಿಗೆ:
ನಕ್ಷೆ ಮಾತು ಸರಿ. ಆದರೆ ಅದನ್ನು ಕಣ್ಣಿಗಿಂತ ಕಿವಿಯಿಂದ ಕಟ್ಟುವುದು ಅಗ್ಗ, ಕೆಲಸವೂ ಗಟ್ಟಿ.

'ದಿ ಹಾಂಟಿಂಗ್'ನಲ್ಲಿ ಇಬ್ಬರು ಹೆಂಗಸರು ಕೋಣೆಯೊಳಗೆ ಮುದುಡಿ ಕೂತಿರುವಾಗ ಹೊರಗಿನ ಬಡಿತ ಹತ್ತಿರ ಬರುತ್ತದಲ್ಲ, ಆ ಸದ್ದುಗಳನ್ನು ಮೊದಲೇ ಮುದ್ರಿಸಿಕೊಂಡು ಸೆಟ್‌ನಲ್ಲೇ ಹಾಕುತ್ತಿದ್ದರು. ನಟಿಯರ ಬೆಚ್ಚು ಸುಳ್ಳಾಗಿ ಕಾಣದಿರುವುದಕ್ಕೆ ಅದೂ ಒಂದು ಕಾರಣ. ನೀವೂ ಹಾಗೇ ಮಾಡಿ, ಆದರೆ ಆ ಟೇಕ್‌ನಲ್ಲಿ ಮಾತು ಇರಬಾರದು. ಇದ್ದರೆ ಡಬ್ಬಿಂಗ್ ಗ್ಯಾರಂಟಿ.

ಮೇಲಂತಸ್ತಿನ ಹೆಜ್ಜೆ ಸದ್ದಿಗೆ ಇಂಟರ್‌ನೆಟ್ಟಿಂದ ಇಳಿಸಿದ ಫೈಲಿಗೆ ಎಕೋ ಹಾಕಿ ಕೂರಿಸಬೇಡಿ, ಮೊದಲ ಸೆಕೆಂಡಿಗೇ ಸಿಕ್ಕಿಬೀಳುತ್ತದೆ. ಬರಿಗಾಲಿನ ಹೆಜ್ಜೆಯನ್ನು ಹತ್ತಿರದಿಂದ ಮುದ್ರಿಸಿ, ಮೇಲಿನ ಕೋಣೆಯ ನೆಲದ ಮೇಲೆ ಸ್ಪೀಕರ್ ಮಗುಚಿಟ್ಟು ಅದನ್ನು ನುಡಿಸಿ, ಕೆಳಗಿನ ಕೋಣೆಯಲ್ಲಿ ಮತ್ತೆ ರೆಕಾರ್ಡ್ ಮಾಡಿ. ಮರದ ಹಲಗೆ ತಾನೇ ಮೇಲಿನ ಚೂಪು ಸದ್ದನ್ನೆಲ್ಲ ನುಂಗಿ ಗುದ್ದನ್ನು ಮಾತ್ರ ಕೆಳಗೆ ಬಿಡುತ್ತದೆ. ಫಿಲ್ಟರ್ ಎಷ್ಟೇ ತಿರುಗಿಸಿದರೂ ಇಷ್ಟು ನಿಜ ಆಗಲ್ಲ.

ದೂರದ ದನಿಗೂ ಇದೇ ನ್ಯಾಯ. 'ಮಹಲ್' (1949) ಚಿತ್ರದ 'ಆಯೇಗಾ ಆನೇವಾಲಾ' ಹಾಡಿಗೆ ಲತಾ ಮಂಗೇಶ್ಕರ್ ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕಿನ ಹತ್ತಿರ ನಡೆದು ಬಂದದ್ದು ಪ್ರಸಿದ್ಧ ಸಂಗತಿ. ವಾಲ್ಯೂಮ್ ಇಳಿಸಿದರೆ ದನಿ ಸಣ್ಣದಾಗುತ್ತದೆ ಅಷ್ಟೇ. ಮನುಷ್ಯ ದೂರ ಹೋದಾಗ ನೇರ ದನಿ ಕಡಿಮೆಯಾಗಿ ಗೋಡೆಯಿಂದ ಮರಳುವ ದನಿಯ ಪಾಲು ಹೆಚ್ಚುತ್ತದೆ. ಕಿವಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಇನ್ನು ಮೌನ. ಪ್ರತಿ ಕೋಣೆಯಲ್ಲೂ ಫ್ಯಾನ್, ಫ್ರಿಜ್ ಆರಿಸಿ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಮುದ್ರಿಸಿಕೊಳ್ಳಿ. ಹೆದರಿಸುವ ಜಾಗಕ್ಕೆ ಮೊದಲು ಈ ಸದ್ದನ್ನು 3–4 ಸೆಕೆಂಡಿನಲ್ಲಿ 6ರಿಂದ 8 ಡಿಬಿ (ಡೆಸಿಬಲ್, ಸದ್ದಿನ ಮಟ್ಟದ ಅಳತೆ) ಇಳಿಸಿ. ಪೂರ್ತಿ ಸೊನ್ನೆಗೆ ತಂದರೆ ನೋಡುವವರು ಕೇಬಲ್ ಕಿತ್ತುಹೋಯಿತಾ ಅಂತ ನೋಡುತ್ತಾರೆ, ಭಯಪಡುವುದಿಲ್ಲ. ಮೊದಲ ದೃಶ್ಯದಿಂದ ಗಡಿಯಾರದ ಟಿಕ್ ಟಿಕ್ ಸಣ್ಣಗೆ ಇಟ್ಟುಕೊಂಡಿದ್ದರೆ ಅದೊಂದನ್ನೇ ನಿಲ್ಲಿಸಿದರೂ ಸಾಕು.

ಬಡಿತದ ಸದ್ದಿನಲ್ಲಿ ಎರಡು ಪದರ ಬೇಕು: ಕೆಳಗೆ 60–80 ಹರ್ಟ್ಸ್‌ನ ಗುದ್ದು, ಮೇಲೆ 200–500 ಹರ್ಟ್ಸ್‌ನ ಮರದ ಸದ್ದು. ಕೆಳಗಿನದನ್ನೇ ನಂಬಿದರೆ ಫೋನಿನಲ್ಲಿ ನೋಡುವವರಿಗೆ ಏನೂ ಕೇಳಿಸಲ್ಲ, ಆ ಸ್ಪೀಕರಿಗೆ ಅಷ್ಟು ಕೆಳಗಿಳಿಯುವ ತಾಕತ್ತಿಲ್ಲ. ಮಾತಿಗಿಂತ ಬಡಿತ 10–12 ಡಿಬಿ ಮೇಲಿರಲಿ. ಎಲ್ಲವನ್ನೂ ಕಂಪ್ರೆಸರ್‌ಗೆ (ಜೋರು-ಮೆಲು ಸದ್ದಿನ ಅಂತರ ಕುಗ್ಗಿಸುವ ಸಾಧನ) ಹಾಕಿ ಒಂದೇ ಮಟ್ಟಕ್ಕೆ ತಂದರೆ ಪಿಸುಮಾತೂ ಗುದ್ದೂ ಒಂದೇ ಆಗಿ ಸಪ್ಪೆಯಾಗುತ್ತದೆ.

ಹಗಲುಭೂತ:
ಇಲ್ಲಿಗೆ ಬಂದ ಮೇಲೆ ಯಾರಾದರೂ "ದೆವ್ವವನ್ನು ತೋರಿಸಲೇಬೇಡಿ" ಅನ್ನುತ್ತಾರೆ, ಅದಕ್ಕೆ ಮೊದಲೇ ತಕರಾರು ದಾಖಲಿಸುತ್ತೇನೆ. 'ದಿ ಇನ್ನೊಸೆಂಟ್ಸ್'ನಲ್ಲಿ ದೆವ್ವ ಕಾಣುತ್ತದೆ. ಹಾಡುಹಗಲಲ್ಲೇ ಕಾಣುತ್ತದೆ. ಕೆರೆಯ ಆಚೆ, ಜೊಂಡಿನ ನಡುವೆ, ಕಪ್ಪು ಬಟ್ಟೆಯ ಹೆಂಗಸು ಸುಮ್ಮನೆ ನಿಂತಿರುತ್ತಾಳೆ. ಓಡಿ ಬರುವುದಿಲ್ಲ, ಕೂಗುವುದಿಲ್ಲ, ಕ್ಯಾಮೆರಾ ಅವಳ ಮುಖಕ್ಕೆ ಹಾರುವುದಿಲ್ಲ. ಇಡೀ ಚಿತ್ರರಂಗ ಅರವತ್ತು ವರ್ಷದಿಂದ ಆ ಶಾಟಿನ ಸಾಲ ತೀರಿಸುತ್ತಿದೆ ಅಂದರೂ ತಪ್ಪಿಲ್ಲ.

ಮಾಡುವುದಾದರೆ: ಆಕೃತಿಯ ಎತ್ತರ ಫ್ರೇಮಿನ ಹತ್ತನೇ ಒಂದು ಪಾಲು, ನಡುವೆ ಬೇಡ, ಒಂದು ಬದಿಗೆ. 5–6 ಸೆಕೆಂಡ್ ಹಿಡಿಯಿರಿ. ಸಂಗೀತ ಬೇಡವೇ ಬೇಡ. ವಯಲಿನ್ ಕಿರುಚಿದ ಕೂಡಲೇ "ಹೆದರಿ" ಅಂತ ಹೇಳಿದಂತಾಗುತ್ತದೆ. ಫೋನಿನಲ್ಲೇ ಹೆಚ್ಚು ಜನ ನೋಡುತ್ತಾರೆ ಅಂತಿದ್ದರೆ ಆರನೇ ಒಂದು ಪಾಲಿಗೆ ಏರಿಸಿ, ಇಲ್ಲದಿದ್ದರೆ ಕಾಣುವುದೇ ಇಲ್ಲ. ಹಿನ್ನೆಲೆ ತೆಳುಬಣ್ಣ, ಬಟ್ಟೆ ಕಪ್ಪು. ಗಾಳಿಗೆ ಸೆರಗೋ ಲಂಗವೋ ಹಾರಾಡಿದರೆ ಅಲ್ಲಿ ನಿಂತಿರುವುದು ಮನುಷ್ಯಳು ಅಂತ ಕಣ್ಣು ತೀರ್ಮಾನಿಸಿಬಿಡುತ್ತದೆ. ಅಂಚಿಗೆ ತೂಕ ಹೊಲಿಯಿರಿ.

ಅಂದಹಾಗೆ "ಹಳೇ ಚಿತ್ರಗಳಲ್ಲಿ ಬೆಚ್ಚಿಬೀಳಿಸುವ ಗಿಮಿಕ್ ಇರಲಿಲ್ಲ" ಅನ್ನುವುದೂ ಕಟ್ಟುಕಥೆ. 'ದಿ ಹಾಂಟಿಂಗ್'ನ ಸುರುಳಿ ಮೆಟ್ಟಿಲ ಮೇಲೆ ನೆಲಬಾಗಿಲಿಂದ ದಿಢೀರನೆ ಒಂದು ಮುಖ ಬರುತ್ತದೆ. ನಿರ್ದೇಶಕ ವಿಲಿಯಂ ಕ್ಯಾಸಲ್ 1959ರಲ್ಲಿ 'ಹೌಸ್ ಆನ್ ಹಾಂಟೆಡ್ ಹಿಲ್' ಬಿಡುಗಡೆ ಮಾಡಿದಾಗ ಚಿತ್ರಮಂದಿರದೊಳಗೆ ತಂತಿಯ ಮೇಲೆ ಅಸ್ಥಿಪಂಜರವನ್ನೇ ಹಾರಿಸಿದ್ದ, ಅದಕ್ಕೆ 'ಎಮರ್ಗೋ' ಅಂತ ಹೆಸರು ಬೇರೆ. ಗಿಮಿಕ್ ಇರಲಿ, ಹತ್ತು ನಿಮಿಷಕ್ಕೆ ಒಂದು ಸಾಕು.

ಬತ್ತಿ:
ದೀಪದ ವಿಷಯ ಚುಟುಕಾಗಿ. 'ದಿ ಇನ್ನೊಸೆಂಟ್ಸ್'ನ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್, ನಾಲ್ಕೈದು ಬತ್ತಿ ಹೊಸೆದ ಮೇಣದಬತ್ತಿಗಳನ್ನು ಮಾಡಿಸಿದ್ದ, ಬೆಳಕು ಸಾಲುತ್ತಿರಲಿಲ್ಲ ಅಂತ. ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ವಿಧಾನ ಅವನ ಆಯ್ಕೆಯಲ್ಲ, ಸ್ಟುಡಿಯೊದ ಹಟ. ಅಷ್ಟು ಅಗಲದ ಫ್ರೇಮಿನ ಅಂಚುಗಳನ್ನು ಬಣ್ಣ ಬಳಿದ ಫಿಲ್ಟರ್‌ನಿಂದ ಕಪ್ಪಾಗಿಸಿದ. ಕಣ್ಣು ನಡುವೆ ನಿಲ್ಲುತ್ತದೆ, ಅನುಮಾನ ಮಾತ್ರ ಅಂಚಿಗೆ ಹೋಗುತ್ತದೆ.

ನಿಮಗೆ ಫಿಲ್ಟರ್ ಬೇಡ. ಮೇಣದಬತ್ತಿ ಹಿಡಿದ ಕೈಯ ಮರೆಯಲ್ಲಿ, ಕ್ಯಾಮೆರಾಗೆ ಕಾಣದ ಹಾಗೆ ಚಿಕ್ಕ ಎಲ್‌ಇಡಿ ಅಂಟಿಸಿ, ಕಿತ್ತಳೆ ಹಾಳೆ ಸುತ್ತಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಮುಖ ಬೆಳಗಿ ಹಿಂದಿನ ಗೋಡೆ ಮುಳುಗುವುದು ಈ ಲೆಕ್ಕದಿಂದ. ಎರಡನೇ ದೀಪ ನಟಿಯ ಹಿಂದೆ, ಪಕ್ಕದ ಕೋಣೆಯೊಳಗೆ ಇರಲಿ. ಕತ್ತಲಲ್ಲಿ ಎರಡನೆಯ ಬಾಗಿಲಿನ ಆಕಾರ ಕಾಣದಿದ್ದರೆ ಹೆದರಲು ಜಾಗವೇ ಇಲ್ಲ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ದಾಟಿಸಬೇಡಿ, ಶಟರ್ 1/50 ಸೆಕೆಂಡ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 3200 ಕೆಲ್ವಿನ್‌ಗೆ ಲಾಕ್. ಬೇಕಾದದ್ದಕ್ಕಿಂತ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು) ಬೆಳಕಾಗಿ ತೆಗೆದು ಆಮೇಲೆ ಇಳಿಸಿ. ಕತ್ತಲಾಗಿಯೇ ತೆಗೆದರೆ ಫೋನಿನ ನಾಯ್ಸ್ ರಿಡಕ್ಷನ್ ನೆರಳನ್ನೆಲ್ಲ ಕಲಸಿ ಅಂಬಲಿ ಮಾಡುತ್ತದೆ. ಕೊನೆಗೆ ಸಣ್ಣ ಗ್ರೇನ್ (ಫಿಲ್ಮಿನಂಥ ಕಣಕಣ) ಸೇರಿಸಿ, ಗೋಡೆಯ ಮೇಲೆ ಪಟ್ಟೆಪಟ್ಟೆ ಕಾಣುವುದು ತಪ್ಪುತ್ತದೆ.

ಹಳೇಪರದೆ:
ಕಲಿಯಲು ಈ ಚಿತ್ರಗಳನ್ನು ಮತ್ತೆ ನೋಡುವಾಗ ಟಿವಿಯ ಮೋಷನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಸೆಟ್ಟಿಂಗ್) ಆರಿಸಿ, ಜೋರು-ಮೆಲು ಸದ್ದಿನ ಅಂತರ ಕುಗ್ಗಿಸುವ ಆಡಿಯೊ ನೈಟ್ ಮೋಡ್ ಕೂಡ. ಕಪ್ಪು ಬೂದಿಯಂತೆ ಕಂಡರೆ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಸೆಟ್ಟಿಂಗ್ ಪ್ಲೇಯರ್, ಟಿವಿ ಎರಡೂ ತುದಿಯಲ್ಲಿ ಒಂದೇ ಇದೆಯೇ ನೋಡಿ. ಪರದೆ ತುಂಬಿದ ಚೌಕ ಪ್ರತಿ ಸಿಕ್ಕರೆ ಬಿಟ್ಟುಬಿಡಿ: 2.35:1 (ಅಗಲ:ಎತ್ತರ) ಚಿತ್ರವನ್ನು 1.33:1ಕ್ಕೆ ಕತ್ತರಿಸಿದರೆ ಶೇ 43ರಷ್ಟು ಚಿತ್ರ ಹೋಯಿತು. ಮೇಲೆ ಹೇಳಿದ ಅಂಚಿನ ಕೆಲಸವೆಲ್ಲ ಇರುವುದು ಅಲ್ಲೇ.

ನಡುಮನೆ:
ಎಲ್ಲರಿಗೂ ಧನ್ಯವಾದ. ಒಂದೇ ಒಂದು ಉಳಿಯಿತು: 'ದಿ ಹಾಂಟಿಂಗ್'ನಲ್ಲಿ ಬಾಗಿಲು ಒಳಕ್ಕೆ ಉಬ್ಬುತ್ತದಲ್ಲ, ಅದು ಮನೆಯಲ್ಲಿ ಆಗುತ್ತಾ? ಮನೆಯ ನಿಜವಾದ ಬಾಗಿಲು ಮುಟ್ಟುವ ಹಾಗಿಲ್ಲ.

ಮೂರನೇರೀಲು:
ಧಾರಾಳವಾಗಿ ಆಗುತ್ತದೆ. ಅವರದ್ದೂ ಪದರಪದರವಾಗಿ ಅಂಟಿಸಿದ ಮರದ ಬಾಗಿಲು, ಹಿಂದಿನಿಂದ ತಳ್ಳುವ ಒಬ್ಬ ಗಟ್ಟಿ ಆಳು, ಅಷ್ಟೇ.

ಚೌಕಟ್ಟಿನೊಳಗೆ ಕೂರುವ ಸುಳ್ಳು ಬಾಗಿಲು ಮಾಡಿ. ನಿಜವಾದ ಬಾಗಿಲನ್ನು ಆ ಕಡೆಗೆ ಪೂರ್ತಿ ತೆರೆದಿಡಿ. 4 ಎಂಎಂ ಪ್ಲೈವುಡ್, ಹಿಂದೆ ಮೇಲ್ಗಡೆ ಮತ್ತು ಎರಡು ಪಕ್ಕಕ್ಕೆ ಮರದ ರೀಪು. ಕೆಳಗಿನ ಅಂಚನ್ನು ಬಿಗಿಯಬೇಡಿ. ನಾಲ್ಕೂ ಕಡೆ ಸ್ಕ್ರೂ ಹಾಕಿದರೆ ಬಾಗುವುದಿಲ್ಲ, ಸೀಳುತ್ತದೆ. ಅಂಗೈಯಿಂದ ತಳ್ಳಿದರೆ ಅಂಗೈಯಷ್ಟೇ ಗುಬುಟು ಏಳುತ್ತದೆ. ಒಂದು ಅಡಿ ಚೌಕದ ಹಲಗೆಗೆ ದಪ್ಪ ಬಟ್ಟೆ ಸುತ್ತಿ, ಅದನ್ನು ಉದ್ದ ಕೋಲಿನ ತುದಿಗೆ ಮೊಳೆ ಹೊಡೆದು ತಳ್ಳಿ. ಒಳಕ್ಕೆ ಬರಲು 4 ಸೆಕೆಂಡ್, ಅಲ್ಲೇ ಒಂದು ಉಸಿರು ತಡೆ, ವಾಪಸ್ಸಿಗೆ ಒಂದೇ ಸೆಕೆಂಡ್.

ಬಣ್ಣ ಅರೆಹೊಳಪಿನದು ಬಳಿಯಿರಿ, ಮ್ಯಾಟ್ ಬೇಡ. ದೀಪವನ್ನು ಬಾಗಿಲಿಗೆ ಒರಗಿದಂತೆ ಪಕ್ಕದಿಂದ ಬಿಡಿ. ಎದುರಿಂದ ಬಿಟ್ಟರೆ ಉಬ್ಬು ಸಪಾಟಾಗಿ ಹೋಗುತ್ತದೆ. ಚೌಕಟ್ಟಿನ ಎರಡೂ ನೇರ ಗೆರೆಗಳು ಫ್ರೇಮಿನಲ್ಲಿರಲಿ, ಬಾಗಿದ್ದು ಗೊತ್ತಾಗುವುದು ನೇರದ ಪಕ್ಕದಲ್ಲಿಟ್ಟಾಗ. ಪ್ಲೈವುಡ್ ಕಿರುಗುಟ್ಟುವ ಸದ್ದನ್ನು ಎಸೆಯಬೇಡಿ. ಸದ್ದುಪೆಟ್ಟಿಗೆಯವರ ಗುದ್ದಿನ ಕೆಳಗೆ ಸೇರಿಸಿದರೆ ಚೆನ್ನಾಗಿ ಕೂರುತ್ತದೆ. ಎರಡು ಹಾಳೆ ತಂದಿಡಿ. ಏಳೆಂಟು ಟೇಕಿಗೆ ಮೊದಲನೆಯದು ಬಿರುಕು ಬಿಡಬಹುದು.