ಕುಂತಿಬೆಟ್ಟದಲ್ಲಿ ಕಂಡಿದ್ದು ಕ್ಯಾಕ್ಟಸ್ಸಾ?

ಟೆರೇಸ್ ಗಿಡ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಪಾಂಡವಪುರದ ಕುಂತಿಬೆಟ್ಟ ಹತ್ತುವಾಗ, ಬಂಡೆ ಪಕ್ಕದ ಮುಳ್ಳುಪೊದೆಯೊಳಗೆ ಒಂದು ಗಿಡ ನೋಡಿದೆ. ಎಲೆಯೇ ಇಲ್ಲ. ಬೆರಳು ದಪ್ಪದ, ನಾಲ್ಕು ಏಣಿನ ಹಸಿರು ಕಾಂಡ. ತುದಿಯಲ್ಲಿ ಚೆಂಡಿನ ಹಾಗೆ ಕಡುಗಂದು ಹೂಗಳ ಗೊಂಚಲು. ಬಗ್ಗಿ ಮೂಸಿದರೆ ಇಲಿ ಸತ್ತ ವಾಸನೆ! ನೊಣ ಮುತ್ತಿದ್ದವು. ಇದು ಕ್ಯಾಕ್ಟಸ್ಸಾ? ಒಂದು ತುಂಡು ಮುರಿದುಕೊಳ್ಳೋಣ ಅನ್ನಿಸಿತು, ಆದರೆ ಮನಸ್ಸು ಬರಲಿಲ್ಲ. ಇನ್ನೊಂದು ಮಾತು. ನಾನು ಬೀಜ ಹಾಕಿ ಬೆಳೆಸಿದ ಕ್ಯಾಕ್ಟಸ್ ಸಸಿಗಳು ಪ್ರತಿ ಏಪ್ರಿಲ್‌ನಲ್ಲಿ ಟೆರೇಸ್ ಮೇಲೆ ಸುಟ್ಟು ಕಂದಾಗುತ್ತವೆ. ಮರುಭೂಮಿ ಗಿಡಕ್ಕೆ ಬಿಸಿಲು ಜಾಸ್ತಿ ಆಗುತ್ತಾ?

ಹೊಲದ ಬದು:
ನಮ್ಮ ದೇಶದಲ್ಲೇ ಹುಟ್ಟಿದ ಕ್ಯಾಕ್ಟಸ್ ಇಲ್ಲ ಸರ್. ಬೇಲಿಯಲ್ಲಿರೋ ಪಾಪಾಸುಕಳ್ಳಿ ಕೂಡ ಅಮೆರಿಕ ಕಡೆಯಿಂದ ಬಂದಿದ್ದು. ಕೆಂಪು ಬಣ್ಣ ತೆಗೆಯೋ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ, ಪಾಪಾಸುಕಳ್ಳಿ ಮೇಲೆ ಬದುಕೋ ಕಾಚಿನೀಲ್ ಹುಳ ತಂದರು. ಬಂದಿದ್ದು ಬೇರೆ ಜಾತಿ ಹುಳ, ಒಳ್ಳೆ ಬಣ್ಣ ಸಿಗಲಿಲ್ಲ, ಒಂದು ಜಾತಿ ಪಾಪಾಸುಕಳ್ಳಿಯನ್ನು ಮಾತ್ರ ತಿಂದು ಮುಗಿಸಿತು. ಉಳಿದ ಜಾತಿಗಳು ಹೊಲಕ್ಕೆಲ್ಲ ಹಬ್ಬಿದವು. ಅದಕ್ಕೇ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಹುಳ ತರಿಸಿದರು. ಪಾಪಾಸುಕಳ್ಳಿ ಮೇಲೆ ಬಿಳಿ ಹತ್ತಿ ಅಂಟಿದ ಹಾಗೆ ಕಂಡರೆ ಉಗುರಲ್ಲಿ ಒತ್ತಿ ನೋಡಿ, ರಕ್ತದ ಹಾಗೆ ಕೆಂಪು ಬರುತ್ತೆ.

ಬೆಟ್ಟದಲ್ಲಿ ಮುರಿದರೆ ಹಾಲು ಬರೋ ಕಳ್ಳಿಯೂ ಇರುತ್ತೆ, ಹುಷಾರು. ಆ ಹಾಲು ಕಣ್ಣಿಗೆ ಬೀಳಬಾರದು.

ಸರಸ್ವತಿಪುರಂ ಟೀಚರ್:
ತಮ್ಮಾ, ನೀವು ಮುರಿಯದೇ ಬಂದಿದ್ದು ಓದಿ ಬಹಳ ಸಂತೋಷ ಆಯಿತು. ನೀವು ಹೇಳಿದ ಗುರುತೆಲ್ಲ ಕ್ಯಾರಲ್ಲುಮಾ ಅಂಬೆಲ್ಲಾಟಕ್ಕೆ ಸರಿಹೋಗುತ್ತದೆ. ಕ್ಯಾಕ್ಟಸ್ಸಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇದು ನಮ್ಮ ಎಕ್ಕದ ಗಿಡದ ದಾಯಾದಿ. ಕಾಯಿ ಕಟ್ಟಿದಾಗ ಹೋಗಿ ನೋಡಿ, ಎರಡು ಕೋಡು ಎದ್ದಿರುತ್ತವೆ. ಒಡೆದರೆ ಎಕ್ಕದ ಬೀಜದ ಹಾಗೇ ರೇಷ್ಮೆ ಕೂದಲು. ಆ ವಾಸನೆ ನೊಣಗಳಿಗಾಗಿ. ಸತ್ತ ಪ್ರಾಣಿ ಇದೆ ಅಂತ ನಂಬಿ ಬರುತ್ತವೆ, ಪರಾಗ ಹೊತ್ತು ಹೋಗುತ್ತವೆ.

ನಿಮ್ಮ ಸಸಿ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿರೋ ಮಗಳ ಮನೆಗೆ ಹೋಗಿದ್ದೆ. ಊರಿನ ಎರಡೂ ಪಕ್ಕ ಸಗ್ವಾರೊ ರಾಷ್ಟ್ರೀಯ ಉದ್ಯಾನ ಇದೆ. ತೆಂಗಿನ ಮರದೆತ್ತರದ ಸಗ್ವಾರೊ ಕ್ಯಾಕ್ಟಸ್ ನೋಡೋ ಆಸೆ ನನಗೆ. ನೋಡಿದೆ. ಆದರೆ ಮನಸ್ಸಲ್ಲಿ ಉಳಿದಿದ್ದು ಮರಿಗಳು. ಬಯಲಲ್ಲಿ ಎಷ್ಟು ಹುಡುಕಿದರೂ ಒಂದೂ ಕಾಣಲಿಲ್ಲ. ಆಮೇಲೆ ಮಗಳು ಒಂದು ಪಾಲೊ ವರ್ಡೆ ಮರದ ಕೆಳಗೆ ಕೂರಿಸಿದಳು. ಆ ಮರಕ್ಕೆ ತೊಗಟೆಯೂ ಹಸಿರೇ, ಎಲೆ ಸಣ್ಣಸಣ್ಣದು. ಅದರ ಬುಡದಲ್ಲಿ, ಒಣಗಿದ ಕಡ್ಡಿಗಳ ನಡುವೆ, ನಿಂಬೆಹಣ್ಣಿಗಿಂತ ಚಿಕ್ಕದೊಂದು ಸಗ್ವಾರೊ! ಮೊದಲ ಎಂಟು ವರ್ಷಕ್ಕೆ ಒಂದೂವರೆ ಅಂಗುಲ ಬೆಳೆದರೆ ಹೆಚ್ಚಂತೆ. ಪಕ್ಕಕ್ಕೆ ಕೈ ಒಡೆಯೋದಕ್ಕೆ ಐವತ್ತು ಎಪ್ಪತ್ತು ವರ್ಷ ಬೇಕು. ಅಲ್ಲಿವರೆಗೆ ಬದುಕಬೇಕಾದರೆ ಎಳೆಯದಿದ್ದಾಗ ಯಾರಾದರೂ ನೆರಳು ಕೊಟ್ಟಿರಬೇಕು. ಬೇಸಿಗೆಯ ಬಿಸಿಲಿಂದಲೂ ಚಳಿಗಾಲದ ರಾತ್ರಿಯ ಹಿಮದಿಂದಲೂ ಆ ಮರ ಕಾಯುತ್ತದೆ. ನಾನು ಕೂತಲ್ಲಿಂದ ಏಳಲಿಲ್ಲ, ಮಗಳು ನೀರು ತಂದುಕೊಟ್ಟಳು.

ಊರಿಗೆ ಬಂದ ಮೇಲೆ ಮೇಲುಕೋಟೆ, ಕರಿಘಟ್ಟ, ಕುಂತಿಬೆಟ್ಟ ಎಲ್ಲಾ ಕಡೆ ಪೊದೆಗಳ ಬುಡ ನೋಡೋದೇ ಅಭ್ಯಾಸವಾಯಿತು. ಕ್ಯಾರಲ್ಲುಮಾ ಸಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಮುಳ್ಳಿನ ಮರೆಯಲ್ಲೇ. ಗಾಳಿಗೆ ಹಾರೋ ಬೀಜ ಪೊದೆಗೆ ಸಿಕ್ಕಿಕೊಳ್ಳುತ್ತೆ, ಅಲ್ಲಿ ನೆರಳೂ ಸಿಗುತ್ತೆ, ಮೇಕೆ ಬಾಯಿಯೂ ಮುಟ್ಟಲ್ಲ. ಹಾಗಾಗಿ ನಿಮ್ಮ ಸಸಿಗಳನ್ನು ಯಾವುದಾದರೂ ದೊಡ್ಡ ಕುಂಡದ ಗಿಡದ ಕೆಳಗಿಡಿ. ದಪ್ಪಗಾದ ಮೇಲೆ ನಿಧಾನಕ್ಕೆ ಬಿಸಿಲಿಗೆ ತನ್ನಿ.

ಬೆಟ್ಟಕ್ಕೆ ಮತ್ತೆ ಹೋಗಿ. ಮಳೆ ಬಿದ್ದು ಒಂದೆರಡು ವಾರ ಆದ ಮೇಲೆ, ಬೆಳಿಗ್ಗೆ ಬೇಗ. ಪೊದೆ ಮಾತ್ರ ಸರಿಸಿ ಮುರಿಯಬೇಡಿ. ಫೋಟೊ ತೆಗೆಯೋ ಆತುರಕ್ಕೆ ಜನ ಮೇಲಿನ ಮುಳ್ಳು ಸವರಿಬಿಡುತ್ತಾರೆ. ನನ್ನ ಕಣ್ಣೆದುರೇ ಹಾಗೆ ಬಯಲಾದ ಒಂದು ಗಿಡ ಮುಂದಿನ ಸಲ ಹೋದಾಗ ಇರಲಿಲ್ಲ. ತುಂಬಾ ನೋವಾಯಿತು.

ಟೆರೇಸ್ ಗಿಡ, ಮಂಡ್ಯ:
ಮೇಡಂ, ನಿಮ್ಮ ಮಾತು ಓದಿ ಇವತ್ತು ಬೆಳಿಗ್ಗೆ ಆರಕ್ಕೇ ಬೆಟ್ಟದಲ್ಲಿದ್ದೆ. ಹನ್ನೊಂದು ಗಿಡ ಸಿಕ್ಕವು, ಒಂಬತ್ತು ಪೊದೆಯ ಬುಡದಲ್ಲೇ! ಉಳಿದ ಎರಡು ಬಂಡೆಯ ಸಂದಿಯಲ್ಲಿ, ಮಧ್ಯಾಹ್ನದ ಬಿಸಿಲು ಬೀಳದ ಕಡೆ. ಕೋಡಿನ ಕಾಯಿ ಇನ್ನೂ ಯಾವುದರಲ್ಲೂ ಇಲ್ಲ. ಬಂದವನೇ ಸಸಿಗಳನ್ನೆಲ್ಲ ಕರಿಬೇವಿನ ಕುಂಡದ ಕೆಳಗೆ ಸರಿಸಿದೆ.