ಬ್ರೈಡಲ್ ಕೊಳ್ಳುವ ಮುಂಚೆ ಮಗುಚಿ ನೋಡಿ

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸವಾರಿ ಕಲಿಯುತ್ತಿದ್ದೇನೆ. ಈಗ ನನ್ನದೇ ಕುದುರೆ ಬಂದಿದೆ, ಎಂಟು ವರ್ಷದ್ದು, ಥರೋಬ್ರೆಡ್ ತಳಿ. ತಲೆಗೆ ಹಾಕುವ ಪಟ್ಟಿ, ಲಗಾಮುಗಳ ಸೆಟ್ಟಿಗೆ ಬ್ರೈಡಲ್ ಅನ್ನುತ್ತೇವಲ್ಲ, ಕುದುರೆಯ ಜೊತೆ ಬಂದ ಬ್ರೈಡಲ್‌ನ ಕೆನ್ನೆಪಟ್ಟಿ ಬಿರುಕು ಬಿಟ್ಟಿದೆ, ಹಾಗಾಗಿ ಹೊಸದು ತಗೊಳ್ಳಬೇಕು. ಸ್ಪರ್ಧೆ ಗಿರ್ಧೆ ಏನೂ ಇಲ್ಲ, ದಿನದ ಸವಾರಿಗೆ ಅಷ್ಟೆ. ಅಂಗಡಿಯಲ್ಲಿ ನೋಡಿದ್ದೆಲ್ಲ ಹೊಳೆಯುತ್ತಿದೆ. ಎಲ್ಲದರ ಮೇಲೂ ‘ಜೆನ್ಯೂನ್ ಲೆದರ್’ ಅಂತಲೇ ಮುದ್ರೆ ಇದೆ. ಚರ್ಮ ಒಳ್ಳೆಯದೋ ಅಲ್ಲವೋ ಅಂತ ಕಣ್ಣಲ್ಲಿ, ಕೈಯಲ್ಲಿ ಗುರುತಿಸುವುದು ಹೇಗೆ? ನಿಮಗೆ ಕೈಕೊಟ್ಟಿದ್ದು, ಕೈಹಿಡಿದದ್ದು ಎರಡನ್ನೂ ಹೇಳಿ.

ಲಾಯ ನೋಡಿಕೊಳ್ಳುವ ಒಬ್ಬರು

ನನಗೆ ಈ ಪಾಠ ಕಲಿಸಿದ್ದು ಒಂದು ಲಗಾಮು. ಕ್ಯಾಂಟರ್ ಓಟದಲ್ಲಿದ್ದೆ, ಎಡಗೈ ಇದ್ದಕ್ಕಿದ್ದಂತೆ ಹಗುರವಾಯಿತು. ನೋಡಿದರೆ ಕೈಯಲ್ಲಿ ಪಟ್ಟಿ ಇದೆ, ಅದರ ತುದಿ ಗಾಳಿಯಲ್ಲಿ ಆಡುತ್ತಿದೆ. ಕುದುರೆ ಸಾಧು, ಬಲಗಡೆಗೆ ಸುತ್ತು ಹಾಕಿಸಿ ಹಾಕಿಸಿ ನಿಲ್ಲಿಸಿದೆ. ಇಳಿದು ನೋಡಿದರೆ, ಕುದುರೆಯ ಬಾಯಿಗೆ ಹಾಕುವ ಲೋಹದ ಬಿಟ್‌ನ ಉಂಗುರದ ಸುತ್ತ ಚರ್ಮ ಮಡಚಿಕೊಳ್ಳುವ ಜಾಗದಲ್ಲೇ ಕಿತ್ತಿತ್ತು. ಹೊರಗಡೆ ಇನ್ನೂ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಕಿತ್ತ ಜಾಗದಲ್ಲಿ ಒಳಗೆಲ್ಲ ಬೂದು ಬಣ್ಣ, ನೀರು ಕುಡಿದು ಒಣಗಿದ ರಟ್ಟಿನ ತರ ಪದರ ಪದರ. ತಗೊಂಡು ಏಳು ತಿಂಗಳಾಗಿತ್ತು, ಅಷ್ಟೆ.

ಆವತ್ತಿನಿಂದ ಯಾವ ಬ್ರೈಡಲ್ ಕೈಗೆ ಬಂದರೂ ಮೊದಲು ಮಗುಚುತ್ತೇನೆ. ಹೊಳಪು, ಬಣ್ಣ, ಅಲಂಕಾರದ ಹೊಲಿಗೆ ಎಲ್ಲ ಮುಂಬದಿಯಲ್ಲಿರುತ್ತದೆ. ಚರ್ಮ ಇರುವುದು ಹಿಂಬದಿಯಲ್ಲಿ. ಒಳ್ಳೆಯ ಪಟ್ಟಿಯ ಹಿಂಬದಿ ಬಿಗಿಯಾಗಿ, ನುಣುಪಾಗಿ, ಸ್ವಲ್ಪ ಮೇಣ ಸವರಿದ ಹಾಗೆ ಇರುತ್ತದೆ. ಬೆರಳಿಂದ ಉಜ್ಜಿದರೆ ನೂಲುನೂಲಾಗಿ ಎದ್ದು ಬರುತ್ತದೆ ಅಂದರೆ ಕೆಳಗಿಡಿ. ಹಿಂಬದಿಗೂ ದಪ್ಪ ಬಣ್ಣ ಬಳಿದು ಮುಚ್ಚಿದ್ದರೆ ಅದೂ ಅನುಮಾನವೇ.

ಆಮೇಲೆ ಅಂಚು ನೋಡಿ. ಒಳ್ಳೆಯ ಕೆಲಸದಲ್ಲಿ ಅಂಚನ್ನು ಉರುಟು ಮಾಡಿ, ಬಣ್ಣ ಕೊಟ್ಟು, ಉಜ್ಜಿ ಉಜ್ಜಿ ಗಾಜಿನ ಹಾಗೆ ಮಾಡಿರುತ್ತಾರೆ. ಕಳಪೆ ಕೆಲಸದಲ್ಲಿ ಅಂಚಿಗೆ ಪೇಂಟ್ ಬಳಿದಿರುತ್ತಾರೆ, ಬಗ್ಗಿಸಿದರೆ ಅದು ಚಕ್ಕೆ ಏಳುತ್ತದೆ. ತೂತುಗಳ ಒಳಗೂ ಇಣುಕಿ. ಚರ್ಮದ ನಿಜವಾದ ಬಣ್ಣ ಅಲ್ಲಿ ಕಾಣುತ್ತದೆ.

ಮೂರನೆಯದು ಬಗ್ಗಿಸಿ ನೋಡುವುದು. ಪಟ್ಟಿಯ ಮುಂಬದಿ ಒಳಗೆ ಬರುವ ಹಾಗೆ ಬೆರಳಿನ ಸುತ್ತ ಬಗ್ಗಿಸಿ. ಸಣ್ಣ ನಿರಿಗೆಗಳು ಒತ್ತೊತ್ತಾಗಿ ಬಂದು, ಬಿಟ್ಟ ಕೂಡಲೇ ಮಾಯವಾದರೆ ಸರಿ. ದಪ್ಪ ದಪ್ಪ ಮಡಿಕೆ ಎದ್ದು, ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡ ಹಾಗೆ ಕಂಡರೆ ಅದು ಸಡಿಲ ಚರ್ಮ. ಈಗ ಮುಂಬದಿ ಹೊರಗೆ ಬರುವ ಹಾಗೆ ಬಗ್ಗಿಸಿ. ಬಿರುಕಿನ ಗೆರೆ ಕಂಡರೆ ಮಾತೇ ಇಲ್ಲ, ವಾಪಸ್ ಕೊಟ್ಟುಬಿಡಿ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ನಾಳೆ ಕುದುರೆ ಮೇಲೆ ಕೂರುವುದು ನಾವು ತಾನೇ?

‘ಜೆನ್ಯೂನ್ ಲೆದರ್’ ಬಗ್ಗೆ ಕೇಳಿದ್ದೀರಿ. ಅದು ಪ್ರಾಣಿಯ ಚರ್ಮ ಅನ್ನುವುದಷ್ಟೇ ಅದರ ಅರ್ಥ. ಯಾವ ಪದರ, ಯಾವ ಭಾಗ, ಹೇಗೆ ಹದ ಮಾಡಿದ್ದು, ಒಂದೂ ಅದರಿಂದ ಗೊತ್ತಾಗುವುದಿಲ್ಲ. ಕೇಳಬೇಕಾದ ಮಾತು ‘ಫುಲ್ ಗ್ರೇನ್’. ಅಂದರೆ ಚರ್ಮದ ಮೇಲ್ಮೈಯನ್ನು ಉಜ್ಜಿ ತೆಗೆಯದೆ ಹಾಗೇ ಉಳಿಸಿಕೊಂಡದ್ದು. ಗಾಯದ ಗುರುತು ಮರೆಮಾಡಲು ಮೇಲ್ಮೈ ಉಜ್ಜಿ, ಬಣ್ಣದ ಪದರ ಹಾಕಿ, ಯಂತ್ರದಲ್ಲಿ ಸುಳ್ಳು ಗೆರೆ ಒತ್ತಿದ್ದನ್ನು ‘ಕರೆಕ್ಟೆಡ್ ಗ್ರೇನ್’ ಅನ್ನುತ್ತಾರೆ. ಗುರುತಿಸುವುದು ಸುಲಭ. ಉದ್ದಕ್ಕೂ ಒಂದೇ ಅಚ್ಚು, ಕೂದಲು ಬಂದಿದ್ದ ಸೂಕ್ಷ್ಮ ರಂಧ್ರ ಒಂದೂ ಕಾಣಿಸುವುದಿಲ್ಲ.

ಚರ್ಮದ ಕೆಲಸ ಮಾಡುವ ಒಬ್ಬರು

ಮೇಲೆ ಬರೆದವರ ಮಾತು ಸರಿ. ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಒಂದೇ ತೊಗಲಿನಲ್ಲಿ ಒಳ್ಳೆಯ ಪಟ್ಟಿಯೂ ಇದೆ, ಕೆಟ್ಟ ಪಟ್ಟಿಯೂ ಇದೆ. ಬೆನ್ನಿನ ಉದ್ದಕ್ಕೆ, ಹಿಂಭಾಗದ ಕಡೆಯ ಚರ್ಮ ಬಿಗಿ. ಹೊಟ್ಟೆಯ ಕಡೆಯದು ಜಗ್ಗುತ್ತದೆ. ಲಗಾಮು ಹೊಟ್ಟೆ ಚರ್ಮದಿಂದ ಕತ್ತರಿಸಿದ್ದಾದರೆ ಕೆಲವೇ ತಿಂಗಳಲ್ಲಿ ಎಡದ್ದು ಒಂದಳತೆ, ಬಲದ್ದು ಒಂದಳತೆ. ಸವಾರರು ತಮ್ಮ ಕೈಯದೇ ತಪ್ಪು ಅಂದುಕೊಂಡು ಪಾಪ ಕಷ್ಟಪಡುತ್ತಿರುತ್ತಾರೆ. ಕೊಳ್ಳುವಾಗಲೇ ಎರಡೂ ಲಗಾಮು ಜೋಡಿಸಿ ಹಿಡಿದು ಅಳೆಯಿರಿ. ಆಮೇಲೆ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಸ್ವಲ್ಪವೂ ರಬ್ಬರಿನ ಹಾಗೆ ಹಿಗ್ಗಬಾರದು.

ದಪ್ಪ 3.5ರಿಂದ 4 ಮಿ.ಮೀ. ಇದ್ದರೆ ದಿನಬಳಕೆಗೆ ಚೆನ್ನ. ತೆಳ್ಳಗಿನ ಚರ್ಮದೊಳಗೆ ಏನಾದರೂ ತುಂಬಿ ಉಬ್ಬಿಸಿ, ಮೇಲೆ ಹೊಲಿಗೆ ಹಾಕಿ ‘ರೈಸ್ಡ್’ ಅಂತ ಮಾರುವುದುಂಟು. ಚೆನ್ನಾಗಿ ಮಾಡಿದರೆ ಅದೂ ಒಳ್ಳೆಯದೇ. ಆದರೆ ದಪ್ಪ ಅಳೆಯುವಾಗ ಉಬ್ಬಿದ ಜಾಗ ಹಿಡಿಯಬೇಡಿ, ಬಕಲ್ ಹತ್ತಿರದ ಒಂಟಿ ಪಟ್ಟಿ ಹಿಡಿಯಿರಿ.

ಹೊಲಿಗೆ ಎಣಿಸಿ, ನಾಚಿಕೆಪಡಬೇಡಿ. ಒಂದು ಇಂಚಿಗೆ 8ರಿಂದ 12 ಇದ್ದರೆ ಅದು ಬ್ರೈಡಲ್ ಕೆಲಸ. 5, 6 ಅಂದರೆ ಅವಸರದ ಕೆಲಸ. ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೂ ಸೂಜಿ ಹಾಕಿ, ಪ್ರತಿ ತೂತಿನಲ್ಲೂ ಎರಡನ್ನೂ ಎದುರುಬದುರು ದಾಟಿಸುತ್ತೇವೆ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನದನ್ನು ಕೊಂಡಿ ಹಾಕಿ ಹಿಡಿದಿರುತ್ತದೆ, ಒಂದು ಹರಿದರೆ ಪಕ್ಕದವೂ ಸಡಿಲವಾಗುತ್ತಾ ಹೋಗುತ್ತವೆ. ಯಂತ್ರದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬಿಟ್ ಸಿಕ್ಕಿಸುವ ಕಡೆ ಮತ್ತು ಬಕಲ್ ಕೂರಿಸಿದ ಕಡೆ ಮಾತ್ರ ಕೈಹೊಲಿಗೆ ಇದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಹದದ ವಿಷಯ. ಬ್ರೈಡಲ್‌ಗೆ ತೊಗಟೆ, ಎಲೆ, ಕಾಯಿಯ ಒಗರಿನಲ್ಲಿ ಹದ ಮಾಡಿದ ಚರ್ಮ ಹೇಳಿ ಮಾಡಿಸಿದ್ದು. ಅದನ್ನೇ ವೆಜಿಟೆಬಲ್ ಟ್ಯಾನ್ ಅನ್ನುವುದು. ಹಳೇ ಪದ್ಧತಿಯಲ್ಲಿ ಓಕ್ ತೊಗಟೆಯ ಗುಂಡಿಗೆ ಇಳಿದ ಚರ್ಮ ಮೇಲೆ ಬರಲು ವರ್ಷವೇ ಹಿಡಿಯುತ್ತದೆ. ಕ್ರೋಮ್ ಉಪ್ಪಿನಲ್ಲಿ ಒಂದೆರಡು ದಿನದ ಕೆಲಸ. ಕ್ರೋಮ್ ಚರ್ಮ ಮೆತ್ತಗೆ, ನೀರು ತಾಳುತ್ತದೆ, ಆದರೆ ಜಗ್ಗುತ್ತದೆ, ಅಂಚು ಉಜ್ಜಿದರೆ ಹೊಳಪು ನಿಲ್ಲುವುದಿಲ್ಲ. ಕತ್ತರಿಸಿದ ಅಂಚಿನ ನಡುವೆ ನೀಲಿ ಬೆರೆತ ಬೂದು ಕಂಡರೆ ಹೆಚ್ಚಾಗಿ ಅದೇ. ತಲೆಪಟ್ಟಿಯ ಕೆಳಗಿನ ಮೆತ್ತೆಗೆ ಬಳಸಿದರೆ ನನ್ನ ತಕರಾರಿಲ್ಲ. ಭಾರ ಹೊರುವ ಪಟ್ಟಿಗೆ ಬೇಡ.

ಇನ್ನು ‘ಎಲ್ಲಿ ತಯಾರಾದದ್ದು’ ಅನ್ನುವ ಮುದ್ರೆ. ಇಂಗ್ಲೆಂಡಿನ ವಾಲ್ಸಾಲ್‌ಗೆ ಈ ಕೆಲಸದಲ್ಲಿ ದೊಡ್ಡ ಹೆಸರು, ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ‘ಸ್ಯಾಡ್ಲರ್ಸ್’, ಅಂದರೆ ಜೀನು ಮಾಡುವವರು. ಕಾನ್ಪುರದ ಮಾಲೂ ದೇಶದೇಶಕ್ಕೆ ಹೋಗುತ್ತದೆ. ಎರಡೂ ಕಡೆಯ ಕೆಲಸ ನನ್ನ ಮೇಜಿನ ಮೇಲೆ ರಿಪೇರಿಗೆ ಬಂದಿದೆ. ಊರಿನ ಹೆಸರಿಗಿಂತ ಚರ್ಮ ಎಲ್ಲಿಂದ ತರಿಸಿದ್ದು ಅಂತ ಕೇಳಿ. ಉತ್ತರ ಕೊಡಲು ಬರುವ ಮಾರಾಟಗಾರರು ಬೇರೆ ವಿಷಯದಲ್ಲೂ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ.

ಮತ್ತೊಬ್ಬ ಸವಾರರು

ಒಂದು ಎಚ್ಚರಿಕೆ. ಹೊಸ ಬ್ರೈಡಲ್ ಕೈಗೆ ಬಂದ ಕೂಡಲೇ ಬೆಣ್ಣೆಯ ಹಾಗಿದ್ದರೆ ನಾನಂತೂ ಖುಷಿಪಡುವುದಿಲ್ಲ. ಎಣ್ಣೆಯಲ್ಲಿ ಅದ್ದಿ ಮೆತ್ತಗೆ ಮಾಡಿ ಕೂಡ ಮಾರುತ್ತಾರೆ. ಅಂಥದ್ದೊಂದು ನನ್ನ ಬಿಳಿ ಕುದುರೆಯ ಮುಖಕ್ಕೆ ಎರಡೇ ದಿನದಲ್ಲಿ ಕಂದು ಮೀಸೆ ಬರೆದಿತ್ತು. ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಹಿಂಬದಿ ಉಜ್ಜಿ ನೋಡಿ, ಬಣ್ಣ ಧಾರಾಳವಾಗಿ ಬಂದರೆ ಬೇಡ. ಸ್ವಲ್ಪ ಗಡುಸಾಗಿರುವುದೇ ವಾಸಿ, ನಾಲ್ಕು ವಾರ ಬಳಸಿದರೆ ತಾನೇ ಪಳಗುತ್ತದೆ.

ಸವಾರಿ ಕಲಿಸುವ ಒಬ್ಬರು

ಎಲ್ಲರೂ ಚರ್ಮದ ಹಿಂದೆ ಬಿದ್ದಿದ್ದೀರಿ, ಅಳತೆ ಯಾರೂ ಹೇಳಲಿಲ್ಲ! ಎಂಥ ಚರ್ಮವಾದರೂ ಕಿವಿಯ ಬುಡ ಕೊರೆದರೆ ಕುದುರೆ ತಲೆ ಒದರುತ್ತಲೇ ಇರುತ್ತದೆ.

ಪೋನಿ, ಕಾಬ್, ಫುಲ್, ಎಕ್ಸ್‌ಟ್ರಾ ಫುಲ್ ಅಂತ ಚಿಕ್ಕದರಿಂದ ದೊಡ್ಡದಕ್ಕೆ ಅಳತೆ ಬರುತ್ತದೆ. ಥರೋಬ್ರೆಡ್‌ಗೆ ಸಾಮಾನ್ಯವಾಗಿ ಫುಲ್ ಕೂರುತ್ತದೆ, ಮುಖ ಸಣ್ಣದಾದರೆ ಕಾಬ್. ಅರಬ್ಬಿ ತಳಿಯಲ್ಲಿ ಹಣೆ ಅಗಲ, ಮೂತಿ ಚಿಕ್ಕದು. ಅದಕ್ಕೆ ಕೆನ್ನೆಪಟ್ಟಿ ಒಂದು ಅಳತೆ, ಹಣೆಪಟ್ಟಿ ಇನ್ನೊಂದು ಅಳತೆ ಬೇಕಾಗಬಹುದು. ಬಿಡಿಬಿಡಿಯಾಗಿ ಕೊಡುವವರು ಸಿಕ್ಕರೆ ಒಳ್ಳೆಯದು. ಹಳೇ ಬ್ರೈಡಲ್ ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ.

ಹಾಕಿದಾಗ ಬಕಲ್‌ಗಳು ಆದಷ್ಟು ನಡುವಿನ ತೂತಿನಲ್ಲಿ ಬರಬೇಕು. ಕೊನೆಯ ತೂತಿನಲ್ಲಿ ಬಂದರೆ ಮುಂದೆ ಹೊಂದಿಸಲು ಜಾಗವೇ ಇರುವುದಿಲ್ಲ. ಹಣೆಪಟ್ಟಿ ಗಿಡ್ಡವಾದರೆ ತಲೆಪಟ್ಟಿಯನ್ನು ಮುಂದಕ್ಕೆಳೆದು ಕಿವಿಗೆ ತಾಗಿಸುತ್ತದೆ, ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. ಗಂಟಲ ಕೆಳಗಿನ ಪಟ್ಟಿಯಲ್ಲಿ ನಾಲ್ಕು ಬೆರಳು ನಿಲ್ಲಿಸಿ ಇಡುವಷ್ಟು ಸಡಿಲ ಇರಲಿ. ಮೂತಿಪಟ್ಟಿಯಲ್ಲಿ ಎರಡು ಬೆರಳು, ಅದೂ ಮೂಗಿನ ಮೂಳೆಯ ಮೇಲೆ, ಮುಂದುಗಡೆ. ಪಕ್ಕದ ಮೆತ್ತನೆ ಜಾಗದಲ್ಲಿ ಬೆರಳು ತೂರಿಸಿ ‘ಸಡಿಲ ಇದೆ’ ಅನ್ನುವವರೇ ಜಾಸ್ತಿ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಎಫ್‌ಇಐ 2025ರಲ್ಲಿ ತನ್ನ ಸ್ಪರ್ಧೆಗಳಲ್ಲಿ ಮೂತಿಪಟ್ಟಿಯ ಬಿಗಿ ಪರೀಕ್ಷಿಸಲು ಅಳತೆಯ ಸಾಧನವನ್ನೇ ತಂದಿತು.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ಮಗುಚಿ ನೋಡಿದೆ, ಅರ್ಧಕ್ಕರ್ಧ ಅಲ್ಲೇ ಬೇಡ ಅನ್ನಿಸಿತು. ಒಂದು ಬಹಳ ಇಷ್ಟವಾಯಿತು, ಇಂಚಿಗೆ 10 ಹೊಲಿಗೆ ಎಣಿಸಿದೆ. ಆದರೆ ಮೇಲೆಲ್ಲ ಬೆಳ್ಳಗೆ ಪುಡಿ. ಬೂಸ್ಟು ಬಂದ ಹಳೇ ಮಾಲು ಇರಬಹುದಾ?

ಚರ್ಮದ ಕೆಲಸದವರು

ಬಿಟ್ಟು ಬಂದಿರಾ? ಅಯ್ಯೋ. ಒಳ್ಳೆಯ ಬ್ರೈಡಲ್ ಚರ್ಮಕ್ಕೆ ಕೊಬ್ಬು, ಮೇಣ ಚೆನ್ನಾಗಿ ಉಣಿಸಿರುತ್ತಾರೆ. ತಣ್ಣಗಿನ ಜಾಗದಲ್ಲಿ ಇಟ್ಟರೆ ಅದು ಮೇಲೆ ಬಂದು ಬೆಳ್ಳಗೆ ಕಾಣುತ್ತದೆ, ‘ಬ್ಲೂಮ್’ ಅನ್ನುತ್ತೇವೆ. ಹೆಬ್ಬೆರಳಿಟ್ಟು ಅರ್ಧ ನಿಮಿಷ ತಿಕ್ಕಿ. ಬಿಸಿಗೆ ಕರಗಿ ಚರ್ಮದೊಳಕ್ಕೆ ಹೋದರೆ ಅದು ಮೇಣ. ಬೂಸ್ಟಾದರೆ ಚುಕ್ಕೆ ಚುಕ್ಕೆಯಾಗಿ ಇರುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ, ಒರೆಸಿದರೆ ಕರಗುವುದಿಲ್ಲ, ಕಿತ್ತು ಬರುತ್ತದೆ.

ಹಳೇ ಸಾಮಾನು ಕೊಳ್ಳುವ ಒಬ್ಬರು

ಬಳಸಿದ್ದನ್ನೂ ಯೋಚಿಸಿ. ಚೆನ್ನಾಗಿ ನೋಡಿಕೊಂಡ ಹಳೇ ಬ್ರೈಡಲ್ ಹೊಸ ಕಳಪೆಗಿಂತ ಎಷ್ಟೋ ಮೇಲು. ನಾನು ಬಳಸುತ್ತಿರುವುದು ನನಗಿಂತ ಮುಂಚೆ ಇಬ್ಬರ ಕೈ ದಾಟಿ ಬಂದದ್ದು. ಎಲ್ಲ ಬಕಲ್ ಬಿಚ್ಚಿಸಿ, ಮಡಚಿ ಕೂತ ಜಾಗ ಬಿಡಿಸಿ ನೋಡಿ. ಹೊಲಿಗೆ ಹೋಗಿದ್ದರೆ ಹೊಲಿಸಬಹುದು, ಚರ್ಮ ಹೋಗಿದ್ದರೆ ಆಗಲಿಲ್ಲ. ಉಜ್ಜಿದಾಗ ಕೆಂಪಗೆ ಹುಡಿ ಉದುರಿದರೆ ಚರ್ಮ ಒಳಗೇ ಸತ್ತಿದೆ, ಯಾವ ಎಣ್ಣೆಯೂ ಅದನ್ನು ಬದುಕಿಸುವುದಿಲ್ಲ.

ಲಾಯದವರು ಮತ್ತೆ

ಲೋಹದ ಬಗ್ಗೆ ಮರೆತಿದ್ದೆ. ಜೇಬಲ್ಲಿ ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿ. ಬಕಲ್‌ಗೆ ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಲೇಪ ಕೊಟ್ಟ ಕಬ್ಬಿಣ ಇರುವ ಸಾಧ್ಯತೆಯೇ ಹೆಚ್ಚು. ಬೆವರಿಗೆ ಲೇಪ ಹೋಗಿ ತುಕ್ಕು ಹಿಡಿದು, ಚರ್ಮವನ್ನೂ ಕೆಡಿಸುತ್ತದೆ. ಹಿತ್ತಾಳೆಗೆ ಅಂಟುವುದೇ ಇಲ್ಲ, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಅಂಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಟ್ಟಿ ತುದಿ ಸಿಕ್ಕಿಸುವ ಲೂಪ್‌ಗಳು ಬಿಗಿಯಾಗಿವೆಯಾ ಅಂತಲೂ ನೋಡಿ. ಹೊಸದರಲ್ಲೇ ಲೊಡಲೊಡ ಅಂದರೆ ಮುಂದೆ ತುದಿ ಹಾರಾಡುತ್ತಿರುತ್ತದೆ.

ತಂದ ಮೇಲೆ ಸುಮ್ನೆ ಎಣ್ಣೆ ಸುರಿಯಬೇಡಿ. ಎಣ್ಣೆ ಜಾಸ್ತಿಯಾದರೆ ಚರ್ಮ ತೊಳತೊಳ ಆಗುತ್ತದೆ, ಹೊಲಿಗೆಗೂ ಕೇಡು. ಸವಾರಿ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಬೆವರು ಒರೆಸಿ, ಬಿಟ್ ತೊಳೆದು, ನೆರಳಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ. ವಾರಕ್ಕೊಮ್ಮೆ ಪೂರ್ತಿ ಬಿಚ್ಚಿ ಗ್ಲಿಸರಿನ್ ಸೋಪು ಹಾಕಿ. ಬಿಚ್ಚುವುದು ಮುಖ್ಯ, ಯಾಕೆಂದರೆ ನನ್ನದು ಕಿತ್ತಿದ್ದು ಬಿಚ್ಚದೆ ಕಾಣದ ಜಾಗದಲ್ಲೇ.

ಕೇಳಿದವರು

ಹೋಗಿ ಅದನ್ನೇ ತಂದೆ. ಹೆಬ್ಬೆರಳಿಟ್ಟು ತಿಕ್ಕಿದ ಕಡೆ ಪುಡಿ ಕರಗಿ, ಕೆಳಗಿಂದ ಕಡು ಕಂದು ಬಣ್ಣ ಎದ್ದು ಬಂತು. ಆಯಸ್ಕಾಂತ ಜಾರಿ ಕೆಳಗೆ ಬಿತ್ತು. ಹಣೆಪಟ್ಟಿ ಮಾತ್ರ ಗಿಡ್ಡ ಅನ್ನಿಸಿ ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸಿಕೊಂಡೆ. ಇವತ್ತು ಬೆಳಿಗ್ಗೆ ಕುದುರೆಗೆ ಹಾಕಿದೆ. ಇನ್ನೂ ಗಡುಸು, ಬಕಲ್ ಹಾಕುವಷ್ಟರಲ್ಲಿ ಬೆರಳು ನೋವು ಬಂತು. ಅವನು ಒಮ್ಮೆ ತಲೆ ಕೊಡವಿ, ಕಿವಿ ಎರಡೂ ಮುಂದೆ ಮಾಡಿಕೊಂಡು ನಿಂತ.