ಜುಲೈನಲ್ಲಿ ಬ್ಯಾಂಕಾಕ್ ಮತ್ತು ಫುಕೆಟ್ ಪ್ರವಾಸ: ಸುರಕ್ಷತೆಯ ಬಗ್ಗೆ ಸಲಹೆ ಬೇಕಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಜುಲೈ ಎರಡನೆಯ ವಾರದಲ್ಲಿ ಪತ್ನಿ ಮತ್ತು 17 ವರ್ಷದ ಮಗನೊಂದಿಗೆ ಥಾಯ್ಲೆಂಡಿಗೆ ಹೊರಟಿದ್ದೇನೆ. ಮೂರು ದಿನ ಬ್ಯಾಂಕಾಕ್‌ನಲ್ಲಿ, ಐದು ದಿನ ಫುಕೆಟ್‌ನಲ್ಲಿ ಇರುತ್ತೇವೆ. ಇದು ನಮ್ಮ ಮೊದಲ ವಿದೇಶ ಪ್ರವಾಸವಾದ್ದರಿಂದ ಜೇಬುಗಳ್ಳತನ, ರಾತ್ರಿಯ ಓಡಾಟ, ಮೋಸ ಇವುಗಳ ಬಗ್ಗೆ ಮನೆಯಲ್ಲಿ ಆತಂಕವಿದೆ. ಫುಕೆಟ್‌ನಲ್ಲಿ ಸ್ಕೂಟರ್ ಬಾಡಿಗೆಗೆ ಪಡೆದರೆ ಖರ್ಚು ಉಳಿಯುತ್ತದೆ ಎಂಬುದು ಮಗನ ವಾದ. ಹೋಗಿ ಬಂದವರು ದಯವಿಟ್ಟು ತಿಳಿಸಿ, ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಯಾವುದಕ್ಕೆ?

ಉತ್ತರ 1:
ರಾತ್ರಿಯ ಓಡಾಟದ ಬಗ್ಗೆ ಅಷ್ಟೊಂದು ಚಿಂತೆ ಬೇಡ; ಬ್ಯಾಂಕಾಕ್‌ನಲ್ಲಿ ನಮ್ಮನ್ನು ಯಾಮಾರಿಸಲು ನೋಡಿದ್ದು ಹಾಡಹಗಲಿನಲ್ಲಿ, ಅದೂ ಬಹಳ ವಿನಯದಿಂದ. ಗ್ರ್ಯಾಂಡ್ ಪ್ಯಾಲೇಸ್‌ನ ಗೋಡೆಯ ಪಕ್ಕದಲ್ಲಿ ನಡೆಯುತ್ತಿದ್ದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬರು ಎದುರಾಗಿ, ಇಂದು ಪೂಜೆಯಿರುವುದರಿಂದ ಮಧ್ಯಾಹ್ನದವರೆಗೆ ಅರಮನೆ ತೆರೆಯುವುದಿಲ್ಲವೆಂದು ಹೇಳಿ, ನಮ್ಮ ನಕ್ಷೆಯನ್ನೇ ಬಿಡಿಸಿ ಮೂರು ದೇವಾಲಯಗಳಿಗೆ ಪೆನ್ನಿನಿಂದ ಸುತ್ತು ಹಾಕಿಕೊಟ್ಟರು. ಅಷ್ಟರಲ್ಲಿ 20 ಬಾತ್‌ಗೆ ಎಲ್ಲವನ್ನೂ ತೋರಿಸುತ್ತೇನೆಂದು ಟುಕ್‌ಟುಕ್ ಬಂದು ನಿಂತಿತು. ಆ ಸವಾರಿ ಕೊನೆಗೆ ಹರಳಿನ ಅಂಗಡಿಗೋ ದರ್ಜಿಯ ಅಂಗಡಿಗೋ ಹೋಗಿ ಮುಟ್ಟುತ್ತದೆ. ಕಮಿಷನ್ ಸಿಗುವುದು ಅಲ್ಲಿಯೇ. ನಾವು ಮುಖ್ಯದ್ವಾರದವರೆಗೆ ಹೋಗಿ ನೋಡಿದರೆ ಟಿಕೆಟಿಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಯಾರು ಏನೇ ಹೇಳಲಿ, ದ್ವಾರದವರೆಗೆ ನಡೆದುಹೋಗಿ ನೀವೇ ನೋಡಿ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಇರಲಿ.

ಉತ್ತರ 2:
ಸ್ಕೂಟರ್ ವಿಷಯದಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಥಾಯ್ಲೆಂಡಿನಲ್ಲಿ ಪ್ರವಾಸಿಗರ ಜೀವಕ್ಕೆ ಕಳ್ಳರಿಗಿಂತ ದೊಡ್ಡ ಅಪಾಯವಿರುವುದು ರಸ್ತೆಯಲ್ಲಿ, ಅದರಲ್ಲೂ ದ್ವಿಚಕ್ರ ವಾಹನಗಳಲ್ಲಿ. ನಮ್ಮಂತೆಯೇ ಎಡಬದಿಯ ಸಂಚಾರವಾದ್ದರಿಂದ ಸುಲಭವೆಂದು ತೋರುತ್ತದೆ. ಆದರೆ ಪಟಾಂಗ್ ಗುಡ್ಡದ ಕಡಿದಾದ ತಿರುವುಗಳು ಮಳೆಯಲ್ಲಿ ನೆನೆದಾಗ ಅಲ್ಲಿ ಓಡಿಸುವುದೇ ಬೇರೆ ಮಾತು. ಮಗನಿಗೆ 18 ತುಂಬದಿರುವುದರಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಸಿಗುವುದಿಲ್ಲ. ನೀವೇ ಓಡಿಸುವುದಾದರೆ ಆ ಪರವಾನಗಿಯಲ್ಲಿ ದ್ವಿಚಕ್ರ ವಾಹನದ ಅನುಮತಿ ನಮೂದಾಗಿರಬೇಕು. ಇಲ್ಲದೆ ಅಪಘಾತವಾದರೆ ಹೆಚ್ಚಿನ ವಿಮಾ ಕಂಪನಿಗಳು ಆಸ್ಪತ್ರೆಯ ಖರ್ಚು ಕೊಡುವುದಿಲ್ಲ. ಬಾಡಿಗೆ ಅಂಗಡಿಯವರು ಪರವಾನಗಿ ಕೇಳದೆಯೇ ಗಾಡಿ ಕೊಟ್ಟಾರು, ಅದನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಪಾಸ್‌ಪೋರ್ಟ್ ಒತ್ತೆಯಿಡಿ ಎಂದರೆ ಅಲ್ಲಿಂದ ಎದ್ದು ಬನ್ನಿ: ಒಂದು ಗೀರಿನ ನೆಪದಲ್ಲಿ ಬಾಯಿಗೆ ಬಂದ ಮೊತ್ತ ಕೇಳಿದಾಗ ಪಾಸ್‌ಪೋರ್ಟ್ ಅವರ ಮೇಜಿನೊಳಗಿದ್ದರೆ ನಿಮಗೆ ಬೇರೆ ದಾರಿಯಿರುವುದಿಲ್ಲ. ಮೂವರಿಗೆ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್‌ನಲ್ಲಿ ಕರೆಸುವ ಬಾಡಿಗೆ ಕಾರು ಸಾಕು.

ಉತ್ತರ 3:
ಸಮುದ್ರದ ಮಾತನ್ನು ಯಾರೂ ಎತ್ತಿಲ್ಲ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಅಂಡಮಾನ್ ಸಮುದ್ರದ ಕಡೆ ನೈಋತ್ಯ ಮುಂಗಾರು ಇರುತ್ತದೆ. ಫುಕೆಟ್‌ನ ಪಟಾಂಗ್, ಕರೋನ್, ಕಾಟಾ ಕಡಲತೀರಗಳೆಲ್ಲ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಅಲೆಗಳ ಹೊಡೆತ ನೇರವಾಗಿ ಅಲ್ಲಿಗೇ. ಬಿಸಿಲಿದ್ದರೂ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಕೂಡದು. ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಮಾತ್ರ ಜೀವರಕ್ಷಕರ ಕಣ್ಗಾವಲಿನಲ್ಲಿರುತ್ತದೆ. ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿಯೇ ಹಲವು ಸಲ ಒಳಕ್ಕೆ ಸೆಳೆಯುವ ಜಾಗವಾಗಿರುತ್ತದೆ. ಸಿಕ್ಕಿಬಿದ್ದರೆ ದಡದತ್ತ ಈಜಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಟಿಕೆಟ್ ಇನ್ನೂ ಆಗಿಲ್ಲದಿದ್ದರೆ ಕೊಹ್ ಸಮುಯಿ ದ್ವೀಪವನ್ನು ಪರಿಶೀಲಿಸಿ. ಅದು ಥಾಯ್ಲೆಂಡ್ ಕೊಲ್ಲಿಯ ಕಡೆಗಿದ್ದು, ಜುಲೈನಲ್ಲಿ ಸಾಮಾನ್ಯವಾಗಿ ಅಲ್ಲಿ ಸಮುದ್ರ ಇಷ್ಟು ಒರಟಾಗಿರುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ವಿಮಾನದ ಟಿಕೆಟ್ ಆಗಿಬಿಟ್ಟಿದೆ, ಆದ್ದರಿಂದ ಫುಕೆಟ್ ಬದಲಾಗದು. ಸ್ಕೂಟರ್ ಮಾತ್ರ ರದ್ದಾಯಿತು. ಈಗ ಮಗ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್‌ನಂಥ ವಾಹನ) ಎನ್ನುತ್ತಿದ್ದಾನೆ.

ಉತ್ತರ 2:
ಅದೂ ಅದೇ ಗೀರಿನ ಕಥೆ, ಮೊತ್ತ ಮಾತ್ರ ದೊಡ್ಡದು. ಹಳೆಯ ಗೀರುಗಳನ್ನು ತೋರಿಸಿ ಸಾವಿರಾರು ಬಾತ್ ಕೇಳುವ ದಂಧೆ ಫುಕೆಟ್ ಮತ್ತು ಪಟ್ಟಾಯಗಳಲ್ಲಿ ಬಹಳ ಹಿಂದಿನಿಂದ ಇದೆ. ಬೇಡವೆನ್ನುವುದೇ ಒಳ್ಳೆಯದು. ಹಟ ಬಿಡದಿದ್ದರೆ, ಮರಳಿನ ಮೇಲಿರುವಾಗಲೇ ಅಡಿಭಾಗ ಸಹಿತ ಮಾಲೀಕರ ಎದುರಿನಲ್ಲೇ ವಿಡಿಯೊ ಮಾಡಿಕೊಳ್ಳಿ. ಜಗಳ ಹತ್ತಿದರೆ ಹಣ ಕೊಡುವ ಮೊದಲು 1155ಕ್ಕೆ ಕರೆಮಾಡಿ. ಅದು ಪ್ರವಾಸಿ ಪೊಲೀಸರ ಸಂಖ್ಯೆ, ಇಂಗ್ಲಿಷ್‌ನಲ್ಲಿ ಮಾತನಾಡಬಹುದು. ಆಂಬುಲೆನ್ಸಿಗೆ 1669. ಇನ್ನೊಂದು ಮಾತು: ಇ-ಸಿಗರೇಟ್ ಅಲ್ಲಿ ಕಾನೂನುಬಾಹಿರ, ಯಾರ ಚೀಲದಲ್ಲೂ ಇಲ್ಲವೆಂದು ಹೊರಡುವ ಮುನ್ನ ನೋಡಿಕೊಳ್ಳಿ.